ಫಾರಮ್ಮಿಗೆ ಬೇಸಿಗೆ ಗೊತ್ತಿಲ್ಲ

"ವರ್ಷಕ್ಕೆ ವಹಿವಾಟು ಎಷ್ಟು ಅಂತ ಬರೀಲಿ?" ಬ್ಯಾಂಕಿನ ಗುಮಾಸ್ತರು ಕೇಳಿದರು. ಉತ್ತರ ಹೇಳಬೇಕಾದವನು ನನ್ನ ಅಕ್ಕನ ಮಗ. ಮದ್ದೂರಿನಲ್ಲಿ ಎಳನೀರು ಕೊಂಡು ಲಾರಿಗೆ ತುಂಬಿಸುವ ವ್ಯಾಪಾರ ಅವನದು. ಅವನು ನನ್ನ ಮುಖ ನೋಡಿದ, ನಾನು ಫ್ಯಾನ್ ನೋಡಿದೆ. "ಹತ್ತು ಲಕ್ಷ ಅಂತ ಹಾಕ್ಬುಡಿ ಸಾ. ಜಾಸ್ತಿ ಬರೆದ್ರೆ ಟ್ಯಾಕ್ಸ್‌ನೋರು ಬತ್ತಾರೆ" ಅಂದ. ಅವರು ಬರೆದುಕೊಂಡರು. ಬಂದ ಮಾರ್ಚ್ ಒಂದೇ ತಿಂಗಳಲ್ಲಿ ಹೊರರಾಜ್ಯದ ಸಾವಕಾರರು ಅವನ ಖಾತೆಗೆ ಹಾಕಿದ ದುಡ್ಡು ಆ ಹತ್ತು ಲಕ್ಷವನ್ನು ದಾಟಿತು. ಏಪ್ರಿಲ್‌ನಲ್ಲಿ ಬ್ಯಾಂಕಿನಿಂದ ಫೋನು: ನೀವು ಹೇಳಿದ್ದಕ್ಕೂ ಖಾತೆಯಲ್ಲಿ ಕಾಣುತ್ತಿರುವುದಕ್ಕೂ ತಾಳೆ ಆಗುತ್ತಿಲ್ಲ, ಬಿಲ್ಲು ತಗೊಂಡು ಬನ್ನಿ. ಎಳನೀರು ಕಡಿಯುವ ಸೀಸನ್ನಿನಲ್ಲಿ ಅವನು ಎರಡು ದಿನ ಬ್ಯಾಂಕಿಗೆ ತಿರುಗಿದ.

ಹೇಳಿದ ವಹಿವಾಟಿಗೂ ನಡೆದ ವಹಿವಾಟಿಗೂ ಹೊಂದಿಕೆ ಇದೆಯೇ ಎಂದು ನೋಡುತ್ತಿರಬೇಕು ಎಂಬುದು ರಿಸರ್ವ್ ಬ್ಯಾಂಕಿನ ಕೆವೈಸಿ ನಿಯಮ. ಆದ್ದರಿಂದ ಬ್ಯಾಂಕು ಕೇಳಿದ್ದು ತಪ್ಪಲ್ಲ. ತಪ್ಪು ಆಗಿದ್ದು ಖಾತೆ ತೆರೆದ ದಿನ. ಆ ಚೌಕದಲ್ಲಿ ಬರೆಯುವ ಅಂಕಿ ಮುಂದೆ ಯಾವುದಕ್ಕೆ ಬಳಕೆಯಾಗುತ್ತದೆ ಎಂದು ಒಬ್ಬರೂ ಹೇಳಲಿಲ್ಲ, ಇವನೂ ಕೇಳಲಿಲ್ಲ. ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯಲ್ಲಿ ಕರೆಂಟ್ ಅಕೌಂಟ್, ಅಂದರೆ ಚಾಲ್ತಿ ಖಾತೆ, ತೆರೆಯುವ ರೂಢಿಯನ್ನು ಹತ್ತಿರದಿಂದ ನೋಡುತ್ತಾ ಬಂದಿದ್ದೇನೆ. ಖಾತೆ ಎಂಬ ಸಾಧನ ಒಳ್ಳೆಯದೇ. ಅದನ್ನು ಕೊಡುವ ಬಗೆಯೂ ತೆಗೆದುಕೊಳ್ಳುವ ಬಗೆಯೂ ಕೆಟ್ಟಿವೆ ಎಂಬುದು ನನ್ನ ತೀರ್ಮಾನ.

ಮೊದಲು ಫಾರಂ. ಚಿಲ್ಲರೆ ಗ್ರಾಹಕರಿಗೆ ಕೊಡುವ ಅರ್ಜಿ, ಚಲನ್, ಪಾಸ್‌ಬುಕ್ ಎಲ್ಲವೂ ಇಂಗ್ಲಿಷ್, ಹಿಂದಿಯ ಜೊತೆಗೆ ಆಯಾ ಪ್ರದೇಶದ ಭಾಷೆಯಲ್ಲೂ ಇರಬೇಕೆಂದು ರಿಸರ್ವ್ ಬ್ಯಾಂಕೇ ಹೇಳಿದೆ. ನಮ್ಮ ಮುಂದೆ ಬಂದ ಹಲವು ಪುಟಗಳ ಅರ್ಜಿಯಲ್ಲಿ ಕನ್ನಡದ ಒಂದಕ್ಷರ ಇರಲಿಲ್ಲ. ಕೇಳಿದ್ದಕ್ಕೆ, "ಪೆನ್ಸಿಲ್‌ನಲ್ಲಿ ಗುರುತು ಮಾಡಿರೋ ಕಡೆ ಸೈನ್ ಹಾಕಿ ಸಾಕು, ಮಿಕ್ಕಿದ್ದು ನಾವು ತುಂಬ್ಕೋತೀವಿ" ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದರು. ಹನ್ನೊಂದು ಸಹಿ ಬಿದ್ದವು. ಶುಲ್ಕದ ಪಟ್ಟಿ ಯಾವ ಪುಟದಲ್ಲಿತ್ತೋ, ಅಥವಾ ಇತ್ತೋ ಇಲ್ಲವೋ!

ಕೌಂಟರುಗಳಲ್ಲಿ ಓಡಾಡುವ ಇನ್ನೊಂದು ಮಾತು: "ಜಿಎಸ್‌ಟಿ ನಂಬರ್ ಇಲ್ದೆ ಕರೆಂಟ್ ಅಕೌಂಟ್ ಆಗಲ್ಲ." ಇದು ನಿಜವಲ್ಲ. ಒಬ್ಬರೇ ಮಾಲೀಕರಾಗಿರುವ ಅಂಗಡಿಗೆ ಮಾಲೀಕರ ಗುರುತಿನ ದಾಖಲೆಗಳ ಜೊತೆ ವ್ಯಾಪಾರದ ಹೆಸರಿನ ಎರಡು ದಾಖಲೆ ಇದ್ದರೆ ಆಯಿತು. ಉದ್ಯಮ್ ನೋಂದಣಿ, ಪುರಸಭೆ ಇಲ್ಲವೇ ಪಂಚಾಯಿತಿಯ ಪರವಾನಗಿ, ಅಂಗಡಿ ಹೆಸರಿನ ಕರೆಂಟ್ ಬಿಲ್ಲು ಇವೆಲ್ಲ ನಡೆಯುತ್ತವೆ. ಎರಡು ಸಿಗುವುದು ಸಾಧ್ಯವಿಲ್ಲ ಎಂದು ಬ್ಯಾಂಕಿಗೆ ಮನವರಿಕೆಯಾದರೆ, ಸ್ಥಳಕ್ಕೆ ಬಂದು ನೋಡಿ ಒಂದರ ಮೇಲೂ ಖಾತೆ ಕೊಡಬಹುದು. 2020ರ ಜುಲೈ 1ರಿಂದ ಜಾರಿಯಲ್ಲಿರುವ ಉದ್ಯಮ್ ನೋಂದಣಿಗೆ ಸರ್ಕಾರ ಒಂದು ರೂಪಾಯಿಯನ್ನೂ ಕೇಳುವುದಿಲ್ಲ. ಅದನ್ನೇ ಮಾಡಿಸಿಕೊಡಲು ಐನೂರೋ ಸಾವಿರವೋ ಕಿತ್ತುಕೊಳ್ಳುವ ಕಂಪ್ಯೂಟರ್ ಅಂಗಡಿಗಳಿಗೆ ಮಾತ್ರ ನಮ್ಮಲ್ಲಿ ಕೊರತೆಯಿಲ್ಲ.

ಇನ್ನು ಆಯ್ಕೆಯ ಮಾತು. ನಮ್ಮವರು ಬ್ಯಾಂಕು ಆರಿಸುವುದು ಬೋರ್ಡು ನೋಡಿ, ಇಲ್ಲವೇ ಮ್ಯಾನೇಜರ ಮುಖ ನೋಡಿ. ಮ್ಯಾನೇಜರಿಗೆ ಎರಡು ಮೂರು ವರ್ಷಕ್ಕೆ ವರ್ಗ. ಬೋರ್ಡಿನ ಕಥೆ ಇನ್ನೂ ದೊಡ್ಡದು. ವಿಶ್ವೇಶ್ವರಯ್ಯನವರ ಮುತುವರ್ಜಿಯಲ್ಲಿ 1913ರಲ್ಲಿ ಹುಟ್ಟಿದ ಮೈಸೂರು ಬ್ಯಾಂಕು 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕಿನಲ್ಲಿ ಕರಗಿತು. ಮಂಡ್ಯ ಜಿಲ್ಲೆಗೆ ಲೀಡ್ ಬ್ಯಾಂಕ್ ಆಗಿದ್ದ ವಿಜಯಾ ಬ್ಯಾಂಕು 2019ರಲ್ಲಿ ಬ್ಯಾಂಕ್ ಆಫ್ ಬರೋಡಾ ಆಯಿತು. ನಮ್ಮ ವಿಶ್ವೇಶ್ವರಯ್ಯ ಗ್ರಾಮೀಣ ಬ್ಯಾಂಕು ಕಾವೇರಿ ಗ್ರಾಮೀಣ ಬ್ಯಾಂಕಾಗಿ, ಅದು 2019ರಲ್ಲಿ ಕರ್ನಾಟಕ ಗ್ರಾಮೀಣ ಬ್ಯಾಂಕಿನೊಳಗೆ ಸೇರಿ, 2025ರ ಮೇ 1ಕ್ಕೆ ರಾಜ್ಯಕ್ಕೆಲ್ಲ ಒಂದೇ ಗ್ರಾಮೀಣ ಬ್ಯಾಂಕು ಉಳಿಯಿತು. ಹಲವು ಸಲ ವ್ಯಾಪಾರಿಯ ಚೆಕ್ಕು, ಬಿಲ್ಲಿನ ಕೆಳಗೆ ಅಚ್ಚಾದ ಐಎಫ್‌ಎಸ್‌ಸಿ ರದ್ದಿಗೆ ಹೋದವು.

ನೋಡಬೇಕಾದದ್ದು ದುಡ್ಡು ಹೇಗೆ ಬರುತ್ತದೆ, ಹೇಗೆ ಹೋಗುತ್ತದೆ ಎಂಬುದನ್ನು. ಎಳನೀರಿನವನಿಗೆ ಹಣ ದೂರದಿಂದ ಖಾತೆಗೆ ಬರುತ್ತದೆ, ತೋಟದಲ್ಲಿ ರೈತನ ಕೈಗೆ ನಗದಾಗಿ ಹೋಗುತ್ತದೆ. ಅವನಿಗೆ ಬೇಕಾದದ್ದು ನಗದು ತೆಗೆಯಲು ತಕರಾರಿಲ್ಲದ ಶಾಖೆ. ದಿನಸಿ ಅಂಗಡಿಯವನದು ತಿರುವುಮುರುವು: ಸಂಜೆ ಗಲ್ಲಾಪೆಟ್ಟಿಗೆಯ ಚಿಲ್ಲರೆ ನೋಟು ಕಟ್ಟಿಸಬೇಕು. ಉಚಿತ ಮಿತಿ ದಾಟಿದ ಜಮೆಗೆ ಬ್ಯಾಂಕು ಶುಲ್ಕ ಹಾಕುತ್ತದೆ, ಅವನು ಕೇಳಬೇಕಾದ ಮೊದಲ ಪ್ರಶ್ನೆ ಅದು. ವಡೆ ಅಂಗಡಿಗೆ ದಿನವಿಡೀ ಮೂವತ್ತು ನಲವತ್ತು ರೂಪಾಯಿಯ ಯುಪಿಐ. ಮೂವರಿಗೂ ಒಂದೇ ಕರಪತ್ರ ತೋರಿಸಿ ಒಂದೇ ಖಾತೆ ಮಾರುತ್ತಾರೆ.

ಎಲ್ಲಕ್ಕಿಂತ ಪೆಟ್ಟು ಕೊಡುವುದು ಸರಾಸರಿ ಬ್ಯಾಲೆನ್ಸು. ಬಡ್ಡಿಯಂತೂ ಈ ಖಾತೆಗೆ ಇಲ್ಲ. ಅದರ ಮೇಲೆ ಸರಾಸರಿ ಇಷ್ಟಿರಲೇಬೇಕು ಎಂಬ ಷರತ್ತು. ಹತ್ತು ಸಾವಿರ ಎಂದುಕೊಳ್ಳಿ. ಅದು ಮೂರು ತಿಂಗಳ ಸರಾಸರಿಯಾದರೆ, ಒಂದು ಲಕ್ಷ ರೂಪಾಯಿ ಒಂಬತ್ತು ದಿನ ಖಾತೆಯಲ್ಲಿ ನಿಂತರೆ ಸಾಕು. ಉಳಿದ 81 ದಿನ ಸೊನ್ನೆಯಿದ್ದರೂ ಲೆಕ್ಕ ಸರಿಹೋಗುತ್ತದೆ. ಅದೇ ಹತ್ತು ಸಾವಿರ ತಿಂಗಳ ಸರಾಸರಿಯಾದರೆ ಮೊದಲ ತಿಂಗಳು ಪಾಸು, ಮಿಕ್ಕ ಎರಡು ತಿಂಗಳು ದಂಡ. ಆಲೆಮನೆಯವನಿಗೆ ಈ ಒಂದು ಪದದ ವ್ಯತ್ಯಾಸ ದೊಡ್ಡದು. ಮಳೆ ಹಿಡಿದರೆ ಕಬ್ಬಿನ ಸಿಪ್ಪೆ ಒಣಗುವುದಿಲ್ಲ, ಕೊಪ್ಪರಿಗೆ ಕೆಳಗೆ ಒಲೆ ಉರಿಯುವುದಿಲ್ಲ, ಬೆಲ್ಲ ಮಂಡಿಗೆ ಹೋಗುವುದಿಲ್ಲ, ದುಡ್ಡು ಬರುವುದಿಲ್ಲ. ಮದ್ದೂರಿನ ಹಳೇ ರಸ್ತೆಯ ವಡೆ ಹೋಟೆಲುಗಳನ್ನೂ ಕೇಳಿ ನೋಡಿ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿ ಊರಿಗೆ ಇಳಿಯದೆ ಹೋಯಿತು, ಗಿರಾಕಿಯೂ ಹೆದ್ದಾರಿಯ ಹಿಂದೆಯೇ ಹೋದ. ಖಾತೆಯ ಷರತ್ತು ಮಾತ್ರ ಹಳೇ ರಸ್ತೆಯಲ್ಲೇ ನಿಂತಿತ್ತು.

ಉಳಿತಾಯ ಖಾತೆಯಲ್ಲಿ ಬ್ಯಾಲೆನ್ಸು ಕಡಿಮೆಯಾದರೆ ಮೊದಲೇ ತಿಳಿಸಿ ಒಂದು ತಿಂಗಳು ಗಡುವು ಕೊಡಬೇಕು, ದಂಡ ಕೊರತೆಗೆ ತಕ್ಕಷ್ಟೇ ಇರಬೇಕು ಎಂದು 2014ರಲ್ಲಿ ರಿಸರ್ವ್ ಬ್ಯಾಂಕ್ ಕಟ್ಟುಮಾಡಿತು. 2020ರ ಜನವರಿಯಿಂದ ಆನ್‌ಲೈನ್ ನೆಫ್ಟ್‌ಗೆ ಶುಲ್ಕ ತೆಗೆದುಕೊಳ್ಳಬಾರದು ಎಂದದ್ದೂ ಉಳಿತಾಯ ಖಾತೆಯವರಿಗೇ. ಕರೆಂಟ್ ಅಕೌಂಟಿನವರು ದೊಡ್ಡ ವ್ಯಾಪಾರಿಗಳು, ತಮ್ಮ ಹಿತ ತಾವೇ ನೋಡಿಕೊಳ್ಳುತ್ತಾರೆ ಎಂಬ ಎಣಿಕೆ ಅವರನ್ನು ಹೊರಗಿಟ್ಟದ್ದರ ಹಿಂದೆ ಇದ್ದೀತು. ಮಳವಳ್ಳಿಯ ಹೂವಿನಂಗಡಿಯನ್ನು ಆ ಎಣಿಕೆಗೆ ಸೇರಿಸಿದ್ದು ಅನ್ಯಾಯ.

ಹಾಗಾದರೆ ಉಳಿತಾಯ ಖಾತೆಯಲ್ಲೇ ವ್ಯಾಪಾರ ನಡೆಸಿದರಾಯಿತಲ್ಲ? ನಮ್ಮವರು ಮಾಡುತ್ತಿರುವುದೂ ಅದನ್ನೇ. ವ್ಯಾಪಾರ ಸಂಸ್ಥೆಗೆ ಉಳಿತಾಯ ಖಾತೆ ಕೊಡುವಂತಿಲ್ಲ ಎಂಬ ನಿಯಮವಿದ್ದರೂ ಸ್ವಂತ ಹೆಸರಿನ ಖಾತೆಗೆ ಕ್ಯೂಆರ್ ಅಂಟಿಸಿಕೊಂಡರೆ ತಡೆಯುವವರಿಲ್ಲ. ಮಳವಳ್ಳಿಯಲ್ಲಿ ನಾನು ದಿನಸಿ ತರುವ ಅಂಗಡಿಯಲ್ಲಿ ಸ್ಕ್ಯಾನ್ ಮಾಡಿದರೆ ಒಂದು ತಿಂಗಳು ಮಾಲೀಕರ ಹೆಂಡತಿಯ ಹೆಸರು ಬರುತ್ತದೆ, ಇನ್ನೊಂದು ತಿಂಗಳು ತಮ್ಮನದು. ಅದರಲ್ಲೇ ಚೀಟಿ ದುಡ್ಡು, ಅದರಲ್ಲೇ ಮಗಳ ಫೀಸು, ಅದರಲ್ಲೇ ಮೈದುನ ತೀರಿಸಿದ ಕೈಸಾಲ.

2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿದಾಗ ಈ ಕಲಸುಮೇಲೋಗರ ಹೊರಬಿತ್ತು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ನಾಲ್ಕು ವರ್ಷದ 1.63 ಕೋಟಿ ರೂಪಾಯಿ ವಹಿವಾಟಿಗೆ 29 ಲಕ್ಷ ಕಟ್ಟಿ ಎಂದು ಬಂತು. ತರಕಾರಿಗೆ ತೆರಿಗೆಯೇ ಇಲ್ಲ! ಬೆಂಗಳೂರಿನ ಅಂಗಡಿಗಳ ಮೇಲೆ 'ಯುಪಿಐ ಇಲ್ಲ, ನಗದು ಮಾತ್ರ' ಎಂಬ ಚೀಟಿಗಳು ಏರಿದವು. ಕಡೆಗೆ ಮುಖ್ಯಮಂತ್ರಿ ಸಿದ್ದರಾಮಯ್ಯನವರು ವರ್ತಕರನ್ನು ಕರೆಸಿ ಮಾತಾಡಿದ ಮೇಲೆ ಬಿಸಿ ಇಳಿಯಿತು. ಇಲಾಖೆ ಆತುರಪಟ್ಟಿತು ಎಂದೇ ನಾನೂ ಹೇಳುತ್ತೇನೆ. ಆದರೆ ಸರಕಿನ ವಹಿವಾಟು 40 ಲಕ್ಷ, ಸೇವೆಯದಾದರೆ 20 ಲಕ್ಷ ದಾಟಿತೇ ಎಂಬ ಪ್ರಶ್ನೆಗೆ ಎಲ್ಲ ಕಲೆಸಿದ ಖಾತೆಯಿಂದ ಉತ್ತರ ತೆಗೆಯುವುದು ಹೇಗೆ? ಮೈದುನನ ಕೈಸಾಲವೂ ಅಲ್ಲಿ ವ್ಯಾಪಾರವೆಂದೇ ಕಾಣುತ್ತದೆ. ಬೇರೆ ಖಾತೆ ಬೇಕಾಗುವುದು ಇದಕ್ಕೆ. ಬ್ಯಾಂಕಿನವರು ಕರಪತ್ರದಲ್ಲಿ ಬಣ್ಣಿಸುವ ಅಂತಸ್ತಿಗಲ್ಲ.

ಸಹಕಾರಿ ಬ್ಯಾಂಕಿನಲ್ಲಿ ಮಾಡೋಣ, ಗುರುತಿನವರು ಎನ್ನುವವರಿಗೆ ಒಂದು ಮಾತು. 2020ರ ಜನವರಿಯಲ್ಲಿ ಬೆಂಗಳೂರಿನ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ನಿರ್ಬಂಧ ಬಿದ್ದಾಗ ಖಾತೆದಾರರಿಗೆ ತೆಗೆಯಲು ಬಿಟ್ಟದ್ದು 35 ಸಾವಿರ ರೂಪಾಯಿ. ಅದರ ಮುಂದಿನ ತಿಂಗಳಿಂದ ಠೇವಣಿ ವಿಮೆ 5 ಲಕ್ಷವಾಗಿದೆ, ಚಾಲ್ತಿ ಖಾತೆಗೂ ಅನ್ವಯಿಸುತ್ತದೆ. ಆದರೆ ಒಂದೇ ಬ್ಯಾಂಕಿನಲ್ಲಿ ನಿಮ್ಮ ಹೆಸರಿನದೂ ನಿಮ್ಮೊಬ್ಬರದೇ ಅಂಗಡಿ ಹೆಸರಿನದೂ ಸೇರಿ ಐದು ಲಕ್ಷ, ಒಂದೊಂದಕ್ಕೆ ಐದಲ್ಲ.

ಖಾತೆ ತೆರೆಯಲು ಹೊರಟವರು ಸಹಿ ಹಾಕುವ ಮೊದಲು ಸರಾಸರಿ ತಿಂಗಳದ್ದೋ ಮೂರು ತಿಂಗಳದ್ದೋ ಎಂದು ಬರಹದಲ್ಲಿ ಕೇಳಿ, ವಹಿವಾಟಿನ ಚೌಕದಲ್ಲಿ ನಿಜವನ್ನೇ ಬರೆಸಿ. ಅಕ್ಕನ ಮಗ ಹೋದ ತಿಂಗಳು ಹೋಗಿ ಹತ್ತನ್ನು ಎಂಬತ್ತು ಲಕ್ಷ ಮಾಡಿಸಿ ಬಂದ. ಅದಕ್ಕೂ ಒಂದು ಫಾರಂ ಇತ್ತು, ಅದೂ ಇಂಗ್ಲಿಷಿನಲ್ಲೇ.