ಬರೆದವರೇ ಒರೆಸಲಿ
ಕುಸಿದ ಕರ್ನಲ್‌ನ ಮೆಮೊರಿಯನ್ನು ಎರಡನೆಯ ಕರ್ನಲ್‌ನಿಂದ ಉಳಿಸಿಡುವ ಕೆಡಂಪ್‌ನ ಪಕ್ಷದವರ ಹಳೆಯ ಹಟವೊಂದಕ್ಕೆ ಉತ್ತರ ಕೊಡಬೇಕಿದೆ. ಲಿನಕ್ಸ್ ಕರ್ನಲ್ ಕುಸಿಯುವಾಗ ಅದರ ಕೊನೆಯ ಸಾಲುಗಳನ್ನು ಫರ್ಮ್‌ವೇರ್‌ನ ಫ್ಲ್ಯಾಶ್‌ನಲ್ಲಿ ಬರೆದಿಡುವುದೇ ತಪ್ಪು, ಆ ಕೆಲಸ ಮಾಡುವ ಪಿಸ್ಟೋರ್ ಅನ್ನು ಮುಚ್ಚಿಬಿಡಿ ಎನ್ನುತ್ತಾರೆ ಅವರು. ಅವರ ಕೈಯಲ್ಲಿರುವ ಸಾಕ್ಷ್ಯ ಸಣ್ಣದಲ್ಲ. 2013ರ ಆರಂಭದಲ್ಲಿ ಸ್ಯಾಮ್‌ಸಂಗ್‌ನ ಕೆಲವು ಲ್ಯಾಪ್‌ಟಾಪ್‌ಗಳು ಲಿನಕ್ಸ್ ಬೂಟ್ ಮಾಡಿದ ಮೇಲೆ ಮತ್ತೆ ಏಳಲೇ ಇಲ್ಲ. ಮೊದಲು ದೂರು ಹೊತ್ತದ್ದು ಒಂದು ಡ್ರೈವರ್. ಆಮೇಲೆ ಕುಸಿತದ ಲಾಗ್ ಫರ್ಮ್‌ವೇರ್ ತನ್ನ ಸೆಟ್ಟಿಂಗ್‌ಗಳನ್ನಿಡುವ ಯುಇಎಫ್‌ಐ ವೇರಿಯಬಲ್‌ಗಳ ಜಾಗ ತುಂಬಿದ್ದೇ ಕಾರಣವೆಂದು ಕಂಡಿತು. ಲಿನಕ್ಸ್ ಡೆವಲಪರ್ ಮ್ಯಾಥ್ಯೂ ಗ್ಯಾರೆಟ್ ವಿಂಡೋಸ್‌ನಿಂದಲೇ ಬೇಕಾದಷ್ಟು ವೇರಿಯಬಲ್ ಬರೆದು ಅಂಥ ಯಂತ್ರವೊಂದನ್ನು ಕೆಡಿಸಿ ತೋರಿಸಿದರು. ಹಾಗಾಗಿ ದೋಷ ಲಿನಕ್ಸ್‌ನದಲ್ಲ, ಜಾಗ ತುಂಬುತ್ತಿದ್ದಂತೆ ಕೈಚೆಲ್ಲುವ ಫರ್ಮ್‌ವೇರ್‌ನದು.

ನನ್ನ ಪ್ರಕಾರ ಆ ಪ್ರಕರಣದಿಂದ ಕಲಿಯಬೇಕಾದದ್ದು ಒರೆಸುವ ಕೆಲಸವನ್ನು. ಒಂದು ಕುಸಿತಕ್ಕೆ ಪಿಸ್ಟೋರ್ ಸಾಮಾನ್ಯವಾಗಿ 10 ಕಿಲೋಬೈಟ್‌ನಷ್ಟು ಲಾಗನ್ನು ತುಂಡುತುಂಡಾಗಿ ಬರೆಯುತ್ತದೆ. ಬೂಟ್ ಕ್ರಮ, ಸೆಕ್ಯೂರ್ ಬೂಟ್ ಕೀಲಿಗಳು ಇರುವುದೂ ಅದೇ ಇಕ್ಕಟ್ಟಾದ ಜಾಗದಲ್ಲೇ. ಪಿಸ್ಟೋರ್ ಡೈರೆಕ್ಟರಿಯ ಫೈಲ್ ಅಳಿಸಿದರೆ ವೇರಿಯಬಲ್ ಕೂಡ ಅಳಿಯುತ್ತದೆ ನಿಜ. ಜಾಗ ಮಾತ್ರ ಕೂಡಲೇ ವಾಪಸ್ಸು ಬರುವುದಿಲ್ಲ. ಫ್ಲ್ಯಾಶ್ ಅನ್ನು ಅಕ್ಷರ ಅಕ್ಷರವಾಗಿ ಒರೆಸಲಾಗದು, ಇಡೀ ಬ್ಲಾಕನ್ನೇ ಒರೆಸಬೇಕು. ಅದಕ್ಕೇ ಫರ್ಮ್‌ವೇರ್ ‘ಇದು ಸತ್ತಿದೆ’ ಎಂದು ಗುರುತಷ್ಟೇ ಹಾಕಿ, ನಿಜವಾದ ಗುಡಿಸುವಿಕೆಯನ್ನು ಹಲವು ಯಂತ್ರಗಳಲ್ಲಿ ಮುಂದಿನ ಬೂಟ್‌ಗೆ ಬಿಡುತ್ತದೆ. 2013ರ ಅನುಭವದ ನಂತರ ಲಿನಕ್ಸ್ ಸುಮಾರು 5 ಕಿಲೋಬೈಟ್ ಜಾಗವನ್ನು ಮುಟ್ಟದೆ ಉಳಿಸುತ್ತದೆ. ಅಷ್ಟೂ ಉಳಿಯದಂತೆ ಕಂಡಾಗ ‘ಡಮ್ಮಿ’ ಹೆಸರಿನ, ಹಿಡಿಸಲಾರದಷ್ಟು ದೊಡ್ಡ ವೇರಿಯಬಲ್ ಒಂದನ್ನು ಬರೆಯಲು ಹೋಗುತ್ತದೆ; ಜಾಗ ಸಾಲದೆ ಫರ್ಮ್‌ವೇರ್ ತಾನೇ ಗುಡಿಸಲು ತೊಡಗಲಿ ಎಂಬ ಲೆಕ್ಕ. ಈ ಜಾಣತನ ನನಗೆ ಬಲು ಇಷ್ಟ.

ಕೆಡಂಪ್ ಇರುವಾಗ ಇದೆಲ್ಲ ಯಾಕೆ ಎಂಬ ಪ್ರಶ್ನೆ ಉಳಿಯಿತು. ಕೆಡಂಪ್ ಮೊದಲೇ ಮೆಮೊರಿ ಕಾದಿರಿಸಿಕೊಳ್ಳಬೇಕು, ಕುಸಿದ ಮೇಲೆ ಎರಡನೆಯ ಕರ್ನಲ್ ಏಳಬೇಕು, ಅದಕ್ಕೆ ಸಾಮಾನ್ಯವಾಗಿ ಡಿಸ್ಕ್ ಸಿಗಬೇಕು. ಡಿಸ್ಕ್ ಕಂಟ್ರೋಲರೇ ಕೆಟ್ಟು ಕುಸಿತವಾಗಿದ್ದರೆ ಅದಕ್ಕೆ ಬರೆಯಲು ಜಾಗವೆಲ್ಲಿ? ಪೂರ್ತಿ ಮೆಮೊರಿಯ ಚಿತ್ರ ಬೇಕಾದ ಸರ್ವರ್‌ಗಳಲ್ಲಿ ಅದು ಇರಲಿ. ಮನೆಯ ಲ್ಯಾಪ್‌ಟಾಪ್‌ಗೆ ಕೊನೆಯ ನೂರು ಸಾಲು ಸಾಕು. ಅಳಿಸಿದರೆ ಸಾಕ್ಷ್ಯ ಹೋಗುತ್ತದೆ ಎನ್ನುವವರ ಆತಂಕ ಇನ್ನೂ ಗಟ್ಟಿಯಾದದ್ದು, ಆದರೆ ಅದಕ್ಕೆ ಪರಿಹಾರ ಸಿಕ್ಕಾಗಿದೆ: 2019ರ ಸಿಸ್ಟಮ್‌ಡಿ 243ರಿಂದ ಬಂದಿರುವ ಪಿಸ್ಟೋರ್ ಸೇವೆ ಬೂಟ್ ವೇಳೆ ಲಾಗನ್ನು ಡಿಸ್ಕ್‌ಗೆ ಎತ್ತಿಟ್ಟು, ಆಮೇಲೆ ಫರ್ಮ್‌ವೇರ್‌ನಿಂದ ತೆಗೆಯುತ್ತದೆ. ನಿಮ್ಮ ಯಂತ್ರದಲ್ಲಿ ಆ ಸೇವೆ ಚಾಲೂ ಇಲ್ಲದಿದ್ದರೆ ಇವತ್ತೇ ರೂಟ್ ಆಗಿ ಪಿಸ್ಟೋರ್ ಡೈರೆಕ್ಟರಿ ತೆರೆದು ನೋಡಿ. ಹಳೆಯ ಲಾಗ್‌ಗಳಿದ್ದರೆ ಮೊದಲು ನಕಲು ಮಾಡಿ, ಆಮೇಲೆ ಅಳಿಸಿ, ಒಮ್ಮೆ ರೀಬೂಟ್ ಮಾಡಿ.