ಬೇಗ ಹೋಗುವ ಪರಿಮಳದ ಪರವಾಗಿ

ನಿಂಬೆ, ಕಿತ್ತಳೆ, ಬರ್ಗಮಾಟ್‌ಗಳ ತಾಜಾ ಘಮವಿರುವ ಗಂಡಸರ ಸೆಂಟುಗಳ ಮೇಲೆ ಬಹುಕಾಲದಿಂದ ಇರುವ ದೂರು ಒಂದೇ: ಕೊಟ್ಟ ದುಡ್ಡಿಗೆ ತಕ್ಕಷ್ಟು ಹೊತ್ತು ನಿಲ್ಲುವುದಿಲ್ಲ. ಬೆಳಿಗ್ಗೆ ಸ್ನಾನ ಮುಗಿಸಿ ಹಾಕಿಕೊಂಡದ್ದು ಹತ್ತು ಗಂಟೆಯ ಕಾಫಿಗೆ ಮುಂಚೆಯೇ ಮಾಯವಾಗಿರುತ್ತದೆ. ದೂರಿನಲ್ಲಿ ಸುಳ್ಳಿಲ್ಲ. ಆದರೆ ಮೂಡಿಗೆರೆಯಿಂದ ಕಳಸ, ಹೊರನಾಡಿನವರೆಗಿನ ಕಾಫಿ ಸೀಮೆಯಲ್ಲಿ ಬದುಕುವ ಗಂಡಸಿಗೆ ಇದೊಂದು ಕೊರತೆಯೇ ಅಲ್ಲ, ಈ ಜಾತಿಯ ಸುಗಂಧವನ್ನು ಆರಿಸಿಕೊಳ್ಳಲು ಅತ್ಯುತ್ತಮ ಕಾರಣವೇ ಅದು ಎಂಬುದು ನನ್ನ ವಾದ. ಸುಗಂಧದ ಯೋಗ್ಯತೆಯನ್ನು ಗಂಟೆಗಳಲ್ಲಿ ಅಳೆಯುವುದು ಕಿಟಕಿ ಮುಚ್ಚಿದ ಹವಾನಿಯಂತ್ರಿತ ಕಚೇರಿಗೆ ಹೊಂದೀತು. ವರ್ಷದ ಬಹುಭಾಗ ಗಾಳಿಯೇ ಏನಾದರೊಂದು ಘಮವನ್ನು ಹೊತ್ತು ತರುವ ಊರಿನಲ್ಲಿ ಮೈಮೇಲಿನ ಪರಿಮಳ ತನ್ನ ಸರದಿ ಮುಗಿಸಿ ದಾರಿ ಬಿಡಬೇಕು.

ಮೊದಲು ಅದು ಏಕೆ ಬೇಗ ಹೋಗುತ್ತದೆಂದು ನೋಡೋಣ. ಕಿತ್ತಳೆ ಸಿಪ್ಪೆಯನ್ನು ಹಿಂಡಿದಾಗ ಚಿಮ್ಮುವ ಎಣ್ಣೆಯಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಪಾಲು ಲಿಮೋನಿನ್ ಎಂಬ ಒಂದೇ ವಸ್ತು. ಅದರ ಅಣುತೂಕ 136. ಗಂಧದೆಣ್ಣೆಯ ಜೀವವಾದ ಸ್ಯಾಂಟಲಾಲ್‌ನದು 220. ಹಗುರವಾದದ್ದು ಮೊದಲು ಹಾರುತ್ತದೆ, ಭಾರವಾದದ್ದು ಚರ್ಮಕ್ಕೆ ಅಂಟಿಕೊಂಡು ನಿಲ್ಲುತ್ತದೆ. ಇದನ್ನು ಯಾವ ಹೆಸರಾಂತ ಫ್ಯಾಷನ್ ಸಂಸ್ಥೆಯೂ ಬದಲಿಸಲಾರದು. ಹಾಗಾದರೆ ದಿನವಿಡೀ ತಾಜಾತನ ಎಂದು ಮಾರುವ ಬಾಟಲಿಗಳಲ್ಲಿ ನಿಲ್ಲುವುದೇನು? ಮೊದಲ ಅರ್ಧ ಗಂಟೆ ಕಳೆದ ಮೇಲೆ ಮೂಗಿಗೆ ಬರುವುದು ಹೆಚ್ಚಾಗಿ ಪ್ರಯೋಗಾಲಯದಲ್ಲಿ ತಯಾರಾದ ಕಸ್ತೂರಿ ಮತ್ತು ಮರದ ಘಮಗಳು. ಅವು ಕೆಟ್ಟವೆಂದಲ್ಲ. ಆದರೆ ನಿಂಬೆಯ ಹೆಸರಲ್ಲಿ ಕೊಂಡು ಎಂಟು ಗಂಟೆ ಹೊತ್ತು ತಿರುಗುವುದು ನಿಂಬೆಯನ್ನಂತೂ ಅಲ್ಲ. ಸಿಟ್ರಸ್ ಬೇಕೆನ್ನುವವನು ಅದರ ಅಲ್ಪಾಯುಷ್ಯವನ್ನೂ ಒಪ್ಪಿಕೊಳ್ಳಬೇಕು.

ಅಲ್ಪಾಯುಷ್ಯ ಎಂದರೆ ಅಲ್ಪ ಬೆಲೆ ಎಂದು ಕಾಫಿ ಸೀಮೆಯ ಜನ ಎಂದೂ ತಿಳಿದವರಲ್ಲ. ಫೆಬ್ರವರಿ, ಮಾರ್ಚಿನಲ್ಲಿ ಹೂಮಳೆ ಬಿದ್ದು ವಾರ, ಹತ್ತು ದಿನದಲ್ಲಿ ತೋಟಕ್ಕೆ ತೋಟವೇ ಬೆಳ್ಳಗಾಗುತ್ತದೆ. ಮಲ್ಲಿಗೆಗೆ ಹತ್ತಿರವಾದ ಘಮ ರಸ್ತೆಯವರೆಗೂ ಹರಡುತ್ತದೆ. ಎರಡು ಮೂರು ದಿನಕ್ಕೆ ಎಲ್ಲ ಮುಗಿಯುತ್ತದೆ. ಆ ಹೂವು ತಿಂಗಳಿಡೀ ಇರಲಿಲ್ಲವೆಂದು ಯಾರೂ ಕೊರಗುವುದಿಲ್ಲ. ಹೂವಿಗೂ ಅಷ್ಟು ಹೊತ್ತು ಸಾಕು. 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಸಂಶೋಧನೆಯೊಂದು ಕಾಫಿ ಹೂವಿನ ಮಕರಂದದಲ್ಲೂ ನಿಂಬೆ, ಕಿತ್ತಳೆ ಜಾತಿಯ ಹೂಗಳ ಮಕರಂದದಲ್ಲೂ ಕೆಫೀನ್ ಇದೆಯೆಂದೂ, ಅದನ್ನು ಕುಡಿದ ಜೇನುನೊಣ ಆ ಪರಿಮಳವನ್ನು ಹೆಚ್ಚು ಕಾಲ ನೆನಪಿಡುತ್ತದೆಂದೂ ತೋರಿಸಿತು. ಘಮ ಹೋದರೂ ಅದರ ನೆನಪು ಉಳಿಯುವಂಥ ಏರ್ಪಾಡು ನಮ್ಮ ತೋಟದ ಈ ಎರಡು ಗಿಡಗಳಿಗೂ ಸಮಾನ.

ಸಿಟ್ರಸ್ ಸುಗಂಧದ ಚರಿತ್ರೆ ಓದಿದರೆ ಈ ನಂಟು ಇನ್ನೂ ಗಟ್ಟಿಯಾಗುತ್ತದೆ. ಜರ್ಮನಿಯ ಕಲೋನ್ ಪಟ್ಟಣದಲ್ಲಿ 1709ರಲ್ಲಿ ಆರಂಭವಾದ ಫರೀನಾ ಮನೆತನದ ಅಂಗಡಿಯಿಂದಲೇ ಕೊಲೋನ್ ಎಂಬ ಹೆಸರು ಲೋಕಕ್ಕೆ ಹಬ್ಬಿದ್ದು. ಆ ಸುಗಂಧದ ಕರ್ತೃ, ಇಟಲಿ ಮೂಲದ ಯೋಹಾನ್ ಮಾರಿಯಾ ಫರೀನಾ, ಹಿಂದಿನ ವರ್ಷ ಸೋದರನಿಗೆ ಬರೆದ ಪತ್ರದಲ್ಲಿ ತನ್ನ ಹೊಸ ಪರಿಮಳ ಮಳೆ ನಿಂತ ಮೇಲಿನ ವಸಂತದ ಬೆಳಗನ್ನೂ ಕಿತ್ತಳೆ ಹೂಗಳನ್ನೂ ನೆನಪಿಸುತ್ತದೆಂದು ಹೇಳಿಕೊಂಡಿದ್ದ. ಮುಂದೆ 1966ರಲ್ಲಿ ಎಡ್ಮಂಡ್ ರೂದ್ನಿತ್ಸ್ಕಾ ಡಿಯೋರ್ ಸಂಸ್ಥೆಗಾಗಿ ‘ಓ ಸೊವಾಜ್’ ರೂಪಿಸಿದಾಗ ನಿಂಬೆ, ಬರ್ಗಮಾಟ್‌ಗಳ ಜೊತೆ ಹೆಡಿಯೋನ್ ಎಂಬ ವಸ್ತುವನ್ನು ಸೇರಿಸಿದ. ಮಲ್ಲಿಗೆಯ ಪರಿಮಳವನ್ನು ಶೋಧಿಸುತ್ತಿದ್ದ ರಸಾಯನಶಾಸ್ತ್ರಜ್ಞರಿಗೆ ಸಿಕ್ಕ ವಸ್ತು ಅದು. ಗಂಡಸರಿಗೆಂದು ಮಾಡಿದ ಸಿಟ್ರಸ್‌ಗೆ ಮಲ್ಲಿಗೆಯ ಗಾಳಿ ಸೋಕಿದ್ದು ಹೀಗೆ. ಕಾಫಿ ನೆರಳಿನಲ್ಲಿ ಕಿತ್ತಳೆ ಬೆಳೆದ ಸೀಮೆಯವರ ಮೂಗಿಗೆ ಆ ಜೋಡಿ ಹೊಸತಲ್ಲ. ತಾಜಾ ಸಿಟ್ರಸ್‌ನ ಒಂದೇ ಬಾಟಲಿ ಆರಿಸಬೇಕೆನ್ನುವವರಿಗೆ ಇಂದಿಗೂ ನಾನು ಹೇಳುವ ಹೆಸರು ‘ಓ ಸೊವಾಜ್’.

ಬೇಗ ಹೋಗುವ ಗುಣದ ನಿಜವಾದ ಬೆಲೆ ತಿಳಿಯುವುದು ನಾಲ್ಕು ಜನರ ನಡುವೆ. ಹೊರನಾಡಿನ ಅನ್ನಪೂರ್ಣೇಶ್ವರಿಯ ಸನ್ನಿಧಿಗೆ ಗಂಡಸರು ಅಂಗಿ ಕಳಚಿ ಶಲ್ಯ ಹೊದ್ದು ಹೋಗುತ್ತಾರೆ, ಆಮೇಲೆ ಪಂಕ್ತಿಯಲ್ಲಿ ಕುಳಿತು ಪ್ರಸಾದ ಉಣ್ಣುತ್ತಾರೆ. ಅಲ್ಲಿ ಮೂಗಿಗೆ ಸಲ್ಲಬೇಕಾದದ್ದು ಕರ್ಪೂರ, ಗಂಧ, ಹೂವು, ಬಿಸಿ ಅನ್ನ, ಸಾರು. ಸಿಹಿ ಮತ್ತು ಭಾರದ ಸೆಂಟು ಬಳಿದುಕೊಂಡವನು ಪಕ್ಕದವನ ಊಟಕ್ಕೂ ತನ್ನ ವಾಸನೆಯನ್ನು ಬಡಿಸಿದಂತೆ. ಮುಂಜಾನೆ ಹಾಕಿಕೊಂಡ ಸಿಟ್ರಸ್ ಮಧ್ಯಾಹ್ನದ ಪಂಕ್ತಿಯ ಹೊತ್ತಿಗೆ ಯಾರಿಗೂ ಅಡ್ಡಬರುವುದಿಲ್ಲ. ಕಾಫಿಯ ರುಚಿ ಪರೀಕ್ಷಿಸುವ ಕೋಣೆಗೆ ಯಾವ ಸುಗಂಧವನ್ನೂ ಹಾಕಿಕೊಂಡು ಬರಬಾರದೆಂಬುದು ಆ ವೃತ್ತಿಯ ಶಿಸ್ತು. ಆ ದಿನ ಸಿಟ್ರಸ್‌ಗೂ ರಜೆ. ತೋಟದ ಕೆಲಸಕ್ಕೂ ಹಾಗೆಯೇ. ಜೇನು ಹಿಂಡನ್ನು ಪೆಟ್ಟಿಗೆಗೆ ಸೆಳೆಯಲು ನಿಂಬೆಹುಲ್ಲಿನ ಎಣ್ಣೆ ಬಳಸುವುದುಂಟು. ಅದರ ಮುಖ್ಯ ಅಂಶವಾದ ಸಿಟ್ರಾಲ್ ನಿಂಬೆ ಸಿಪ್ಪೆಯಲ್ಲೂ ಇದೆ. ಮರದಲ್ಲಿ ಹೆಜ್ಜೇನು ಕಟ್ಟಿರುವ ತೋಟಕ್ಕೆ ಘಮಘಮಿಸುತ್ತ ಹೋಗುವುದು ಜಾಣತನವಲ್ಲ.

ಒಂದೆರಡು ಗಂಟೆಯ ಘಮಕ್ಕೆ ಸಾವಿರಾರು ರೂಪಾಯಿ ಏಕೆ, ಕಿತ್ತಳೆ ಸಿಪ್ಪೆ ಪುಕ್ಕಟೆ ಸಿಗುವುದಿಲ್ಲವೇ ಎಂಬುದು ನ್ಯಾಯವಾದ ಪ್ರಶ್ನೆ. ಸಿಪ್ಪೆಗೆ ನಾನು ದೊಡ್ಡ ಸ್ಥಾನವನ್ನೇ ಕೊಡುತ್ತೇನೆ. ಅಂಗಡಿಗೆ ಹೋಗುವ ಮುನ್ನ ಕಿತ್ತಳೆ, ನಿಂಬೆ, ಗಜನಿಂಬೆ, ಕಂಚಿ, ಹೇರಳೆಯ ಸಿಪ್ಪೆಗಳನ್ನು ಒಂದೊಂದಾಗಿ ಚಿವುಟಿ ಮೂಸಬೇಕು. ಒಂದರಲ್ಲಿ ಸಿಹಿ, ಒಂದರಲ್ಲಿ ಕಹಿ, ಒಂದರಲ್ಲಿ ಎಲೆಯ ಹಸಿರು. ಬಾಟಲಿಯ ಮೊದಲ ಐದು ನಿಮಿಷವನ್ನು ಈ ಒರೆಗಲ್ಲಿಗೆ ಹಚ್ಚಿದರೆ ನೆಲ ಒರೆಸುವ ದ್ರಾವಣದ ನಿಂಬೆಗೂ ಕಸುಬುದಾರನ ನಿಂಬೆಗೂ ಇರುವ ವ್ಯತ್ಯಾಸ ತಾನೇ ತಿಳಿಯುತ್ತದೆ. ಆದರೆ ಸಿಪ್ಪೆಯನ್ನು ಮೈಗೆ ಉಜ್ಜಿ ಬಿಸಿಲಿಗೆ ಹೋಗಬಾರದು. ನಿಂಬೆ, ಬರ್ಗಮಾಟ್‌ನಂಥ ಹಣ್ಣುಗಳ ಸಿಪ್ಪೆಯಲ್ಲಿರುವ ಫ್ಯೂರೋಕೌಮರಿನ್‌ಗಳು ಬಿಸಿಲು ತಗುಲಿದಾಗ ಚರ್ಮವನ್ನು ಸುಟ್ಟಂತೆ ಕಪ್ಪಾಗಿಸಬಲ್ಲವು. ಒಳ್ಳೆಯ ತಯಾರಕರು ಆ ಅಂಶವನ್ನು ತೆಗೆದ ಎಣ್ಣೆಯನ್ನು ಬಳಸುತ್ತಾರೆ. ಹಣದ ಮಾತಿಗೆ ಉತ್ತರ ಸಣ್ಣ ಬಾಟಲಿ. ಲಿಮೋನಿನ್ ಗಾಳಿ ತಾಗಿದಂತೆ ಕೆಡುತ್ತದೆ, ಕೆಟ್ಟದ್ದು ಕೆಲವರ ಚರ್ಮಕ್ಕೆ ಒಗ್ಗುವುದಿಲ್ಲ. ಆದ್ದರಿಂದ ಅಗ್ಗವೆಂದು 200 ಮಿಲಿಯದನ್ನು ತಂದು ಜೀಪಿನ ಬಿಸಿಲಲ್ಲಿ ಇಡುವುದಕ್ಕಿಂತ, 50 ಮಿಲಿಯದನ್ನು ಬೀರುವಿನ ಕತ್ತಲಲ್ಲಿಟ್ಟು ಬೇಗ ಮುಗಿಸುವುದು ಲೇಸು. ಹತ್ತಿ ಬಟ್ಟೆಯ ಮೇಲೆ ಘಮ ಚರ್ಮಕ್ಕಿಂತ ಹೆಚ್ಚು ಹೊತ್ತು ನಿಲ್ಲುತ್ತದೆ. ಅಂಗಿಯ ಒಳಭಾಗಕ್ಕೆ ಎರಡು, ಕತ್ತಿನ ಹಿಂದೆ ಒಂದು ಸಿಂಪಡಣೆ ಸಾಕು.

ಇನ್ನು ಮಳೆಗಾಲದ ಆಕ್ಷೇಪ. ಇದು ಎಲ್ಲಕ್ಕಿಂತ ಗಟ್ಟಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗದೆ ಮುಗ್ಗಲು ಹಿಡಿಯುವ ಕಾಲದಲ್ಲಿ ತೆಳು ಸಿಟ್ರಸ್ ಸೋಲುತ್ತದೆ, ಒಪ್ಪಿದೆ. ಮುಗ್ಗಲಿಗೆ ಬೆಂಕಿಯ ಮುಂದೆ ಒಣಗಿಸಿದ ಬಟ್ಟೆಯೇ ಮದ್ದು, ಸೆಂಟಲ್ಲ. ಆದರೂ ಆ ಕಾಲಕ್ಕೆ ಸಿಟ್ರಸ್‌ನ ಕುಟುಂಬವನ್ನು ಬಿಡಬೇಕಿಲ್ಲ. ಝಾನ್ ಕ್ಲೋದ್ ಎಲೆನಾ 2006ರಲ್ಲಿ ರೂಪಿಸಿದ ‘ತೇರ್ ದೆರ್ಮೆಸ್’ನಲ್ಲಿ ಕಿತ್ತಳೆಯ ಕೆಳಗೆ ಕರಿಮೆಣಸು, ಅದರ ಕೆಳಗೆ ಲಾವಂಚದ ಬೇರು, ಒಟ್ಟಿನಲ್ಲಿ ಮಣ್ಣು ಕಲ್ಲುಗಳ ಭಾವ. ನೆರಳು ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಯ ಪಕ್ಕದಲ್ಲೇ ಕಿತ್ತಳೆ ಬೆಳೆಯುವ ನೆಲಕ್ಕೆ ಇದಕ್ಕಿಂತ ಒಪ್ಪುವ ಸುಗಂಧ ಹುಡುಕುವುದು ಕಷ್ಟ. ಇಲ್ಲಿಯೂ ಕಿತ್ತಳೆ ಬೇಗನೆ ಹೋಗುತ್ತದೆ. ಉಳಿಯುವ ಲಾವಂಚ ಮಳೆಯ ಮಣ್ಣಿನ ವಾಸನೆಗೆ ಎದುರಾಗದೆ ಅದರೊಡನೆ ಸೇರಿಕೊಳ್ಳುತ್ತದೆ. ದಾರಿ ಬಿಡುವುದು ಇದೂ ಒಂದು ಬಗೆ.

ಗಂಡಸಿಗೆ ಇಷ್ಟೆಲ್ಲ ಶೋಕಿ ಏಕೆ, ಇದು ನಮ್ಮದಲ್ಲ ಎನ್ನುವವರಿಗೆ ಕನ್ನಡ ನಾಡಿನದೇ ಉತ್ತರವಿದೆ. ಕ್ರಿ.ಶ. 1025ರ ಸುಮಾರಿಗೆ ಚಾವುಂಡರಾಯ ಬರೆದ ‘ಲೋಕೋಪಕಾರ’ದಲ್ಲಿ ಬೇಸಾಯ, ಅಡುಗೆ, ಜಲಶೋಧದ ಜೊತೆಗೆ ಸುಗಂಧ ತಯಾರಿಕೆಗೂ ಜಾಗವಿದೆ. ಮುಂದಿನ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ‘ಮಾನಸೋಲ್ಲಾಸ’ದಲ್ಲಿ ವಿಲೇಪನವನ್ನು ರಾಜಭೋಗಗಳ ಸಾಲಿನಲ್ಲಿಟ್ಟ. ಈ ನಾಡಿನ ಗಂಡಸು ಮೈಗೆ ಪರಿಮಳ ಹಚ್ಚುವುದನ್ನು ವಿದ್ಯೆಯೆಂದೇ ಕಲಿತಿದ್ದ. ಆ ವಿದ್ಯೆಯ ಇಂದಿನ ಪಾಠ ಎಲ್ಲಿ, ಯಾವಾಗ, ಎಷ್ಟು ಎಂಬ ವಿವೇಕ. ಬೇಸಿಗೆಗೊಂದು ತಿಳಿ ಸಿಟ್ರಸ್, ಮಳೆಗಾಲಕ್ಕೊಂದು ಲಾವಂಚ ಬೆರೆತದ್ದು, ಹೀಗೆ ಎರಡೇ ಸಣ್ಣ ಬಾಟಲಿ ಕಾಫಿ ಸೀಮೆಯ ಗಂಡಸಿಗೆ ಧಾರಾಳ. ಹೂಮಳೆಯ ನಂತರ ತೋಟ ಬಿಳಿಯಾಗಿರುವ ಎರಡು ಮೂರು ದಿನ ಎರಡನ್ನೂ ಮುಟ್ಟಬೇಡಿ. ಆಗ ಹಾಕಿಕೊಳ್ಳುವ ಯಾವ ಬಾಟಲಿಯೂ ನಿಮಗೆ ಏನನ್ನೂ ಕೂಡಿಸುವುದಿಲ್ಲ, ಕಳೆಯುತ್ತದೆ.