ಅಡಮಾನವಿಲ್ಲದ ಸಾಲದ ಅಡಮಾನ

ತೊಗರ್ಸಿಯ ಸುತ್ತಣ ಗ್ರಾಮಗಳಿಂದ ಮಠಕ್ಕೆ ಬರುವ ತಾಯಂದಿರು ಈಚೆಗೆ ಪ್ರಸಾದಕ್ಕೂ ನಿಲ್ಲದೆ ಹೊರಡುವುದುಂಟು. ಕೇಳಿದರೆ, 'ಇವತ್ತು ಸಂಘದ ಕಂತು, ಬುದ್ಧೀ' ಎನ್ನುತ್ತಾರೆ. ಈ ಸಂಘ ಅವರೇ ಕಟ್ಟಿಕೊಂಡ ಸ್ವಸಹಾಯ ಸಂಘವಲ್ಲ. ಖಾಸಗಿ ಕಂಪನಿಯ ಕಿರುಸಾಲದ ಗುಂಪು.

ಅಡಮಾನವಿಲ್ಲದೆ ಸಾಲ ಕೊಡುತ್ತೇವೆಂಬುದು ಇಂತಹ ಕಂಪನಿಗಳ ಹೆಗ್ಗಳಿಕೆ. ಹೊಲದ ಪತ್ರವನ್ನಾಗಲಿ ಕೊರಳ ತಾಳಿಯನ್ನಾಗಲಿ ಅವು ಕೇಳುವುದಿಲ್ಲವೆಂಬುದು ನಿಜ. ಆದರೆ ಗುಂಪಿನಲ್ಲಿ ಒಬ್ಬಳು ಕಂತು ತಪ್ಪಿಸಿದರೆ ಉಳಿದವರು ತಾವು ತುಂಬಬೇಕು, ಇಲ್ಲವೆ ಅವಳಿಂದ ತುಂಬಿಸಬೇಕು. ಅಂದಮೇಲೆ ಅಡವಿಟ್ಟದ್ದು ನೆರೆಹೊರೆಯ ವಿಶ್ವಾಸ, ಮನೆತನದ ಮರ್ಯಾದೆ. ನಿನ್ನೆಯವರೆಗೆ ಹೆಪ್ಪಿಗೆ ಮಜ್ಜಿಗೆ ಕೇಳಲು ಬರುತ್ತಿದ್ದ ಪಕ್ಕದ ಮನೆಯಾಕೆಯೇ ಇಂದು ಅದೇ ಬಾಗಿಲಲ್ಲಿ ವಸೂಲಿಗೆ ನಿಲ್ಲುತ್ತಾಳೆ.

ಕಾಲದ ಲೆಕ್ಕವೂ ಹೊಂದುವುದಿಲ್ಲ. ನಮ್ಮ ಸೀಮೆಯ ಸಣ್ಣ ರೈತನಿಗೆ ಗೋವಿನಜೋಳ, ಭತ್ತಗಳನ್ನು ಮಾರಿದಾಗಲಷ್ಟೇ ಕೈಯಲ್ಲಿ ಹಣ. ಕೂಲಿಯವರಿಗೆ ನಾಟಿ, ಕಳೆ, ಕೊಯ್ಲುಗಳ ದಿನಗಳಲ್ಲಿ ಮಾತ್ರ. ಕಂತಾದರೋ ವಾರಕ್ಕೊಮ್ಮೆಯೋ ತಿಂಗಳಿಗೊಮ್ಮೆಯೋ ತಪ್ಪದೆ ಬರುತ್ತದೆ. ಬೇಸಿಗೆಯ ಬರಿಗೈ ತಿಂಗಳುಗಳಲ್ಲಿ ಎಲ್ಲಿಂದ ತರುವುದು? ಎರಡನೆಯ ಕಂಪನಿಯಿಂದ. ಅದನ್ನು ತೀರಿಸಲು ಮೂರನೆಯದು. ಹಸು ಕೊಳ್ಳಲು, ಹೊಲಿಗೆ ಯಂತ್ರ ಕೊಳ್ಳಲು ಪಡೆದ ಸಾಲ ಹೀಗೆ ಸಾಲವನ್ನೇ ಹೆರುತ್ತದೆ.

ವರ್ಷಕ್ಕೆ 3 ಲಕ್ಷ ರೂಪಾಯಿಯೊಳಗಿನ ಆದಾಯದ ಕುಟುಂಬಗಳ ಕಿರುಸಾಲಕ್ಕೆ ರಿಸರ್ವ್ ಬ್ಯಾಂಕು 2022ರಲ್ಲಿ ನಿಯಮಗಳನ್ನು ವಿಧಿಸಿತು. ಎಲ್ಲ ಸಾಲಗಳ ಕಂತು ಕೂಡಿ ತಿಂಗಳ ಆದಾಯದ ಅರ್ಧವನ್ನು ಮೀರಕೂಡದು. ಅದೇ ಕಾಲಕ್ಕೆ ಬಡ್ಡಿಗಿದ್ದ ಕಟ್ಟನ್ನು ತೆಗೆದು ದರದ ನಿರ್ಣಯವನ್ನು ಸಾಲಿಗ ಸಂಸ್ಥೆಗಳಿಗೇ ಬಿಟ್ಟಿತು. ಕೂಲಿಯಾಳಿನ 'ತಿಂಗಳ ಆದಾಯ'ವನ್ನು ಬರೆದುಕೊಳ್ಳುವವನೂ ಸಾಲ ಕೊಡಲು ಬಂದವನೇ ಅಲ್ಲವೆ?

ಆಂಧ್ರದಲ್ಲಿ ಸಾಲಗಾರರ ಆತ್ಮಹತ್ಯೆಗಳ ಬಳಿಕ 2010ರಲ್ಲಿ ಸುಗ್ರೀವಾಜ್ಞೆ ಬಂದಿತ್ತು. ಅಂತಹುದೇ ಸಾವುಗಳ ಸುದ್ದಿಯ ಬೆನ್ನಲ್ಲಿ 2025ರ ಫೆಬ್ರುವರಿಯಲ್ಲಿ ಕರ್ನಾಟಕವೂ ಬಲವಂತದ ವಸೂಲಿಗೆ 10 ವರ್ಷದವರೆಗೆ ಸೆರೆ, 5 ಲಕ್ಷ ರೂಪಾಯಿವರೆಗೆ ದಂಡ ವಿಧಿಸುವ ಸುಗ್ರೀವಾಜ್ಞೆ ಹೊರಡಿಸಿತು. ಆಗಬೇಕಾದ ಕೆಲಸವೇ ಸರಿ. ಆದರೆ ಅದು ವಸೂಲಿಗಾರನ ಕೈ ಹಿಡಿದೀತು. ನೆರೆಯವರ ನೋಟವನ್ನು ಹೇಗೆ ತಡೆದೀತು?

ಹಿಂದಿನ ಸಾಹುಕಾರರು ದಯಾಳುಗಳಾಗಿದ್ದರೆಂದು ನಾವು ಹೇಳಲಾರೆವು. ಅವರಲ್ಲಿ ಮಠದ ಭಕ್ತರೂ ಇದ್ದರು. ಅವರ ಕಾಣಿಕೆಯನ್ನು ನಾವು ಒಲ್ಲೆವೆಂದದ್ದಿಲ್ಲ.

ಗದಗಿನ ಬಳಿಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದಾಗ ಸಾಲ ಕೊಡುವವರೂ ಪಡೆಯುವವರೂ ಊರವರೇ ಆಗಿದ್ದರು. ಲಾಭ ಹೊರಗೆ ಹೋಗುವಂತಿರಲಿಲ್ಲ. ಇಂದಿನ ಸೊಸೈಟಿಯ ಬೆಳೆಸಾಲಕ್ಕೋ ಪಹಣಿ ಬೇಕು. ಭೂಮಿಯಿಲ್ಲದ ತಾಯಿ ಅಲ್ಲಿಂದ ಬರಿಗೈಯಲ್ಲಿ ಹಿಂದಿರುಗುವ ಹೊತ್ತಿಗೆ ಕಂಪನಿಯ ಹುಡುಗ ಮೋಟಾರು ಸೈಕಲ್ಲಿನಲ್ಲಿ ಅವಳ ಮನೆಗೇ ಬಂದಿರುತ್ತಾನೆ.